ಬಾವಿಕಟ್ಟೆಯ ಆ ಪುಟ

ಎಪ್ಪತ್ತು ವರ್ಷದ ಹಿಂದೆ, ಗುರವ್ವ ಎಂಬ ಹದಿನೆಂಟರ ಹುಡುಗಿ ತನ್ನ ಹಸುಗೂಸನ್ನು ಬಾವಿಗೆ ಎಸೆದಳೆಂದು ಮೊಕದ್ದಮೆ ನಡೆದಿತ್ತು. ಸಾಕ್ಷಿಯಿಲ್ಲವೆಂದು ಕೋರ್ಟು ಆಕೆಯನ್ನು ಬಿಟ್ಟುಬಿಟ್ಟಿತು. ಆ ಹಳೆಯ ಕಡತವೊಂದನ್ನೇ ಹಿಡಿದು ಇತಿಹಾಸದ ಪ್ರಾಧ್ಯಾಪಕಿ ಶಾಂಭವಿ ಪುಸ್ತಕ ಬರೆದರು. ಗುರವ್ವ ಬಾವಿಕಟ್ಟೆಯ ಮೇಲೆ ಕೂತು, ಜೋಗುಳ ಹಾಡುತ್ತಲೇ ಕೂಸನ್ನು ಕೈಬಿಡುವ ಪುಟವನ್ನು ಓದಿ ಅತ್ತವರೆಷ್ಟೋ ಮಂದಿ.

ಒಂದು ಮಧ್ಯಾಹ್ನ ಆ ಪುಸ್ತಕ ಹಿಡಿದುಕೊಂಡು ಒಬ್ಬ ಹೆಂಗಸು ಅವರ ಮನೆಗೆ ಬಂದಳು.

"ಗುರವ್ವ ನಮ್ಮನಿಯವರ ಅಜ್ಜೀರಿ. ಇನ್ನೂ ಅದಾಳ."

ಗುರವ್ವ ಎಂದೋ ಸತ್ತಿರಬೇಕೆಂದುಕೊಂಡು ಶಾಂಭವಿ ನಿಜವಾದ ಹೆಸರನ್ನೇ ಅಚ್ಚು ಹಾಕಿಸಿದ್ದರು.

"ಮನ್ಯಾಗ ಎರಡು ತಿಂಗಳ ಕೂಸೈತ್ರಿ. ಒಮ್ಮೆ ಎತ್ಕೋತೀನಿ ಅಂತ ಮುದುಕಿ ದಿನಾ ಅಂಗಲಾಚ್ತಾಳ. ಇದನ್ನ ಓದಿದ ಮ್ಯಾಗ ಆಕೀ ಕೈಯಾಗ ಕೂಸು ಕೊಟ್ಟಿಲ್ರಿ. ಖರೇ ಹೇಳ್ರಿ, ಇದಕ್ಕ ಪುರಾವೆ ಐತೇನು?"

ಶಾಂಭವಿ ತಲೆ ತಗ್ಗಿಸಿದರು.

"ಇಲ್ಲ ತಂಗಿ. ಕೂಸು ಬಾವ್ಯಾಗ ಸಿಕ್ತು ಅಂತಷ್ಟೇ ಕಡತದಾಗ ಐತಿ. ಉಳಿದದ್ದೆಲ್ಲ ನನ್ನ ಕಲ್ಪನಾ."

"ಹಂಗಂತ ಬರದು ಕೊಡ್ರಿ."

ಅವರು ಒಂದು ಕಾಗದದಲ್ಲಿ ಬರೆದು, ಸಹಿ ಹಾಕಿ ಕೊಟ್ಟರು. "ಮನೀ ಮಂದಿಗೆಲ್ಲ ತೋರಿಸು. ಆ ಅಜ್ಜಿ ಮಡಿಲಿಗೆ ಇವತ್ತೇ ಕೂಸನ್ನ ಹಾಕ್ರಿ."

ಹೆಂಗಸು ಕಾಗದವನ್ನು ಎರಡು ಸಲ ಓದಿದಳು. ಮಡಚಿ ಮೇಜಿನ ಮೇಲೆಯೇ ಇಟ್ಟು ಎದ್ದಳು.

"ಖರೇ ಅಲ್ಲ ಅಂತ ತಿಳೀತ್ರಿ. ಆದ್ರ ಕೂಸು ನನ್ನ ಹೊಟ್ಟ್ಯಾಗ ಹುಟ್ಟಿದ್ದು. ಆಕೀ ಕೈಯಾಗ ನಾ ಕೊಡಂಗಿಲ್ಲ."