ಮೂರನೇ ಕಿವಿ

ಮನೆಯವರ ಮೊಬೈಲುಗಳನ್ನೆಲ್ಲ ಕಸಿದು, ಅಕ್ಕಿ ಡ್ರಮ್ಮಿನಲ್ಲಿ ಮೊಣಕೈವರೆಗೂ ಕೈ ಹಾಕಿ ಹೂತಿಟ್ಟ ಮೇಲೆಯೇ ಸಿದ್ದಲಿಂಗೇಶ್ ಬಾಯಿ ಬಿಟ್ಟ.

"ಈಗ ಮಾತಾಡ್ರಿ. ಡೆಲ್ಲಿಗೆ ಕೇಳಂಗಿಲ್ಲ."

ಕಂಪ್ಲಿಯಲ್ಲಿ ಸ್ವಂತ ಅಕ್ಕಿ ಗಿರಣಿ ಇರುವವನಿಗೆ ಅಕ್ಕಿಯ ಮೇಲೆ ನಂಬಿಕೆ ಸಹಜ. ಅಕ್ಕಿಯನ್ನು ದಾಟಿ ಸರ್ಕಾರದ ಕಿವಿ ಒಳಗೆ ಬರಲಾರದೆಂದು ಹೇಳಿಕೊಟ್ಟದ್ದು ವಾಟ್ಸ್ಆ್ಯಪಿನ ‘ಮೂರನೇ ಕಿವಿ’ ಎಂಬ ಚಾನೆಲ್. ಒಮ್ಮೆ ಹೆಂಡತಿಯ ಮುಂದೆ ಮೊಣಕಾಲು ನೋವೆಂದು ನರಳಿದ್ದ. ಸಂಜೆಗೆ ಮೊಬೈಲಿನಲ್ಲಿ ನೋವಿನ ಎಣ್ಣೆಯ ಜಾಹೀರಾತು. ಅಂದೇ ಅವನ ನೆಮ್ಮದಿ ಹಾರಿಹೋಯಿತು. ಸ್ವಲ್ಪ ದಿನಕ್ಕೆ ಯಾರೋ ಕಳಿಸಿದ ಲಿಂಕಿನಿಂದ ಈ ಚಾನೆಲ್ ಸಿಕ್ಕಿತು. ಬರೆಯುವವರಿಗೆ ಹೆಸರಿಲ್ಲ, ಊರಿಲ್ಲ. ಆದರೆ ಅವನ ಮನೆಯೊಳಗೇ ಕೂತು ಕಂಡವರ ಹಾಗೆ ಬರೆಯುತ್ತಿದ್ದರು. ಇದಕ್ಕಿಂತ ಪುರಾವೆ ಇನ್ನೇನು ಬೇಕು!

ಇವತ್ತಿನ ಮಾತು ಮಗಳ ಮದುವೆಯದು. ಹೊಸಪೇಟೆಯಲ್ಲಿ ಡಿಗ್ರಿ ಓದುವಾಗ ಪರಿಚಯವಾದ ಜಂಬುನಾಥನನ್ನೇ ಮದುವೆಯಾಗುತ್ತೇನೆಂದು ಐಶ್ವರ್ಯ ಹಟ ಹಿಡಿದಿದ್ದಳು. ಹುಡುಗ ಚೋರನೂರಿನ ಕೂಲಿಯವರ ಮಗ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಕ್ರೇನ್ ಓಡಿಸುವವನು. "ನಮ್ಮ ಮಂದಿ ಅಲ್ಲ" ಎಂದು ಅಪ್ಪ ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದ. ಮ್ಯಾಟ್ರಿಮೊನಿ ಆ್ಯಪಿನಲ್ಲಿ ಸಿಕ್ಕ ಬಳ್ಳಾರಿಯ ವರ ಭಾನುವಾರ ಹೆಣ್ಣು ನೋಡಲು ಬರುವವನಿದ್ದ. ಅತ್ತು ಅತ್ತು ಹುಡುಗಿಯ ಕಣ್ಣು ಊದಿಕೊಂಡಿದ್ದವು.

"ಬಳ್ಳಾರಿ ಸಂಬಂಧ ಭಾಳ ಚಲೋ ಐತ್ರಿ. ಗಟ್ಟಿ ಮಾಡಿಬಿಡ್ರಿ," ಎಂದಳು ಹೆಂಡತಿ ಶೈಲಶ್ರೀ.

ಸಿದ್ದಲಿಂಗೇಶನ ಹುಬ್ಬು ಗಂಟಿಕ್ಕಿತು. ಹೆಂಡತಿ ಹೌದೆಂದದ್ದಕ್ಕೆ ಅವನು ಹೌದೆಂದ ಚರಿತ್ರೆ ಆ ಮನೆಯಲ್ಲಿಲ್ಲ. "ನೋಡೂಣು," ಎಂದು ಎದ್ದ.

ಮರುದಿನ ಮೂರನೇ ಕಿವಿ ಎಚ್ಚರಿಸಿತು: ಆ್ಯಪಿನಲ್ಲಿ ಕಾಣುವ ವರ ನಿಮ್ಮ ಆಯ್ಕೆಯಲ್ಲ. ಯಾರ ಮಗಳು ಯಾರ ಮನೆ ಸೇರಬೇಕೆಂದು ಅಲ್ಗಾರಿದಮ್ ಎಂದೋ ತೀರ್ಮಾನಿಸಿದೆ. ಮಧ್ಯಾಹ್ನದೊಳಗೆ ಬಳ್ಳಾರಿಯವರಿಗೆ ಬರಬೇಡಿರೆಂದು ಫೋನ್ ಹೋಯಿತು.

ಆಮೇಲೆ ಚಾನೆಲಿನಲ್ಲಿ ಇನ್ನೊಂದು ಸಂದೇಶ ಬಂತು: ಈ ಕಾಲದಲ್ಲಿ ಸ್ವತಂತ್ರ ಮನುಷ್ಯನನ್ನು ಗುರುತಿಸುವುದು ಸುಲಭ. ಅವನ ಕೈಯಲ್ಲಿ ಬಟನ್ ಫೋನ್ ಇರುತ್ತದೆ.

"ಆ ಕ್ರೇನ್ ಹುಡುಗನ್ನ ಮಾತ್ರ ಹೊಸ್ತಿಲು ತುಳಿಯಾಕ ಬಿಡಬ್ಯಾಡ್ರಿ," ಎಂದಳು ಶೈಲಶ್ರೀ.

"ಯಾಕ ಬಿಡಬಾರ್ದು? ಬರ್ಲಿ. ಎದುರಿಗೇ ಕುಂದ್ರಿಸಿ ಹೇಳಿ ಕಳಸ್ತೀನಿ."

ಜಂಬುನಾಥ ಶಿಫ್ಟ್ ಮುಗಿಸಿ ಯೂನಿಫಾರ್ಮಿನಲ್ಲೇ ಬಂದ. ಬೈಯುವ ಮುಂಚೆ ಸಿದ್ದಲಿಂಗೇಶ್ ಕೈ ಚಾಚಿದ. "ಮೊದ್ಲ ಫೋನ್ ಕೊಡು, ಡ್ರಮ್ಮಿಗೆ ಹಾಕ್ಬೇಕು."

ಹುಡುಗ ಕೊಟ್ಟದ್ದು ಬಟನ್ ಫೋನ್. ಬೈಗುಳ ಬಾಯಲ್ಲೇ ಉಳಿಯಿತು.

"ಇದ ಏನು ನಿನ್ನ ಫೋನು?"

"ಹೌದ್ರೀ, ಡ್ಯೂಟಿಗೆ ಇದ. ಯಾಕಂದ್ರ ಗೇಟ್‌ನ್ಯಾಗ..."

"ಚಾ ಆರ್ತೈತಿ, ಮೊದ್ಲ ಕುಡಿ!" ಎಂದು ಶೈಲಶ್ರೀ ಗದರಿದಳು. ಕಾರ್ಖಾನೆ ಗೇಟಿನಲ್ಲಿ ಕ್ಯಾಮೆರಾ ಫೋನ್ ಬಿಡುವುದಿಲ್ಲ, ದೊಡ್ಡ ಫೋನ್ ರೂಮಿನಲ್ಲಿದೆ ಎಂಬ ಮಾತು ಚಹಾದ ಜೊತೆ ಅವನ ಗಂಟಲಿಗಿಳಿಯಿತು. ಅವಳು ಗಂಡನತ್ತ ತಿರುಗಿದಳು. "ಇಂಥವ್ಗ ಮಗಳ್ನ ಕೊಡ್ತೀರೇನ್ರಿ? ನಾನಂತೂ ಒಪ್ಪಂಗಿಲ್ಲ."

"ನಿನ್ನ ತಲಿ ಆ ಡೆಲ್ಲಿಯವ್ರು ಕೆಡಿಸ್ಯಾರ. ನನ್ನ ಯಾರೂ ಆಡ್ಸಾಕ ಆಗಂಗಿಲ್ಲ!" ಸಿದ್ದಲಿಂಗೇಶ್ ಅಲ್ಲೇ ಸಕ್ಕರೆ ತರಿಸಿ ಹುಡುಗನ ಬಾಯಿಗೆ ಹಾಕಿದ. ಮಾತು ಕೊಟ್ಟಾಯಿತು.

ಹುಡುಗ ಹೋದ, ಮೊಬೈಲುಗಳು ಹೊರಬಂದವು. ಐಶ್ವರ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಮುಖದ ತುಂಬ ಸಂತೋಷ, ದನಿಯಲ್ಲಿ ಮಾತ್ರ ಮುನಿಸು. "ಅಪ್ಪಾಜಿನೂ ಒಪ್ಪಿದ್ರು. ನೀ ಕೊನಿತನಕ ನನ್ನ ಪರ ನಿಂದರ್ಲಿಲ್ಲ ಅಲ್ಲವ್ವ?"

ಶೈಲಶ್ರೀಗೆ ಆ ಮಾತು ನಾಟಿತು. ಕಣ್ಣು ತುಂಬಿದವು. ಚಹಾದ ಲೋಟಗಳನ್ನು ತೊಳೆಯತೊಡಗಿದಳು. ಮಗಳು ತಿರುಗಿ ಹೋದಳು.

ಪಡಸಾಲೆಯಲ್ಲಿ ಸಿದ್ದಲಿಂಗೇಶ್ ಆಗಲೇ ಬೆವರುತ್ತಿದ್ದ. ದಾಯಾದಿಗಳಿಗೆ ಏನು ಹೇಳುವುದು? ಗಿರಣಿಗೆ ಬರುವವರು ಏನಂದಾರು? "ಅವಸರ ಮಾಡಿದ್ನೇನು? ಬೆಳಿಗ್ಗೆ ಫೋನ್ ಮಾಡಿ ಬ್ಯಾಡ ಅಂದ್ಬಿಡ್ಲಾ?" ಎಂದು ತನ್ನಷ್ಟಕ್ಕೆ ಗೊಣಗಿದ.

ಅಡುಗೆಮನೆಯವರೆಗೂ ಅದು ಕೇಳಿಸಿತು. ಶೈಲಶ್ರೀ ಸೆರಗಿಗೆ ಕೈ ಒರೆಸಿಕೊಂಡು ಮೊಬೈಲ್ ತೆಗೆದಳು, ಒಲೆಯ ಕಡೆ ಮುಖ ಮಾಡಿ ಬೇಗಬೇಗ ಟೈಪ್ ಮಾಡಿದಳು. ಪಡಸಾಲೆಯಲ್ಲಿ ಗಂಡನ ಫೋನ್ ಟಿಣ್ ಎಂದಿತು.

"ಮೂರನೇ ಕಿವಿ: ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯಬೇಕೆಂದು ಇವತ್ತು ನಿಮಗೆ ಅನ್ನಿಸುತ್ತಿದೆಯೇ? ಎಚ್ಚರ, ಆ ಯೋಚನೆ ನಿಮ್ಮದಲ್ಲ."