ದೊಡ್ಡ ಕ್ಯಾನ್ವಾಸು

ನಡುರಾತ್ರಿ ಕೋಣೆಯ ಚಿಲಕ ಟಕ್ಕೆಂದಾಗ, ಅರ್ಪಿತಳ ಕೈಯಲ್ಲಿದ್ದ ಚಪ್ಪಟೆ ಚಾಕು ತಮ್ಮನ ಚಿತ್ರದ ಮೇಲೆ ಹಾಗೇ ನಿಂತಿತು. ತಾನೇ ಬರೆದಿದ್ದ ಹಸಿ ಬಣ್ಣದ ಹಣೆಯನ್ನೂ ಒಂದು ಕಣ್ಣನ್ನೂ ಅವಳು ಆಗಲೇ ಕೆರೆದು ತೆಗೆದಿದ್ದಳು. ಮೂವರು ಮಕ್ಕಳ ಚಿತ್ರ ಹಜಾರದ ಗೋಡೆಗೆ ಬೇಕೆಂದು ಅಪ್ಪ ಮೂರು ಕ್ಯಾನ್ವಾಸು ತಂದಿದ್ದರು: ಹೆಣ್ಣುಮಕ್ಕಳಿಬ್ಬರಿಗೆ ಚಿಕ್ಕವು ಎರಡು, ಮಗನಿಗೆ ಬಾಗಿಲಗಲದ್ದು ಒಂದು. ಆ ದೊಡ್ಡದರಲ್ಲಿ ಅಕ್ಕ ಶ್ವೇತಳೇ ಕೂರಬೇಕೆಂದು ಅರ್ಪಿತ ಹಟ ಹಿಡಿದಿದ್ದಳು; ಅಪ್ಪ ಒಪ್ಪಿರಲಿಲ್ಲ. ಆರು ಹಸು ಕಟ್ಟಿಕೊಂಡು, ಕಿರಂಗೂರಿನ ಡೇರಿಗೆ ಹಾಲು ಹಾಕಿ, ತಂಗಿ ತಮ್ಮ ಇಬ್ಬರನ್ನೂ ಓದಿಸಿದವಳು ಅಕ್ಕ.

ಒಳಗೆ ಬಂದವನು ತಮ್ಮ ಚಲುವರಾಜು. ಚಾಕುವನ್ನೂ ಚಿತ್ರದಲ್ಲಿ ಉಳಿದಿದ್ದ ತನ್ನ ಒಂಟಿ ಕಣ್ಣನ್ನೂ ನೋಡಿ ನಕ್ಕ.

“ನನ್ ಮೂತಿ ಕೆರೀತಿದ್ದೀಯೇನಕ್ಕ?”

“ಊಂ ಕಣ್ಲಾ. ಇಲ್ಲಿ ಶ್ವೇತಕ್ಕ ಕೂತ್ಕತ್ತಾಳೆ. ಅಪ್ಪಂಗ್ ಯೋಳ್ಬೇಕಾ? ಓಗ್ ಯೋಳು.” ಅವಳು ಚಾಕು ಕೆಳಗಿಳಿಸಲಿಲ್ಲ.

“ಅಕ್ಕಂಗೇ ಸರಿ ಬುಡು. ಬೆಳಿಗ್ಗೆ ಅಪ್ಪ ಕೂಗಾಡುದ್ರೆ, ನಾನೇ ಅಳ್ಸು ಅಂದೆ ಅನ್ನು. ಆಮೇಲೆ ಒಂದ್ ಮಾತೂ ಆಡಕ್ಕಿಲ್ಲ.”

ಅವನು ಮಲಗಲು ಹೋದ. ಅವನು ಹೇಳಿದ್ದು ನಿಜವೇ. ಮಗ ಒಪ್ಪಿದ್ದಾನೆ ಎಂದರೆ ಸಾಕು, ಅಪ್ಪ ತಣ್ಣಗಾಗುತ್ತಾರೆ. ಆದರೆ ಆಗ ಅಕ್ಕನಿಗೆ ಸಿಗುವುದು ತಮ್ಮ ಬಿಟ್ಟುಕೊಟ್ಟ ಜಾಗ, ಅವಳು ದುಡಿದು ಗಳಿಸಿದ್ದಲ್ಲ. ಅರ್ಪಿತ ಉಳಿದ ಕಣ್ಣನ್ನೂ ಕೆರೆದಳು. ನಾಳೆ ಅಪ್ಪ ಎಷ್ಟೇ ಕೂಗಾಡಲಿ, ತಮ್ಮ ಈ ಕೋಣೆಗೆ ಬಂದು ಒಪ್ಪಿ ಹೋದದ್ದನ್ನು ಯಾರಿಗೂ ಹೇಳಬಾರದೆಂದು ನಿರ್ಧರಿಸಿದಳು.