ಧಾರೆ ಸೀರೆಯ ಕಾಗದ

"ಹ್ವಾಯ್ ದೇವು, ನಿಂಗೆ ಹೆಣ್ಣ್ ಕೊಡೂಕ್ ಯಾರೂ ತಯಾರಿಲ್ಲ. ಸೀರಿ ಅಂಗ್ಡಿಯರಿಗ್ ಮಾತ್ರ ನಿನ್ ಮೇಲ್ ಭಾರೀ ಪ್ರೀತಿ ಮಾರಾಯ."

ಬಿಜೂರಿನ ಹಾಲಿನ ಡೈರಿಯ ಮುಂದೆ, ಕ್ಯಾನ್ ಹಿಡಿದು ನಿಂತವರೆಲ್ಲರ ಎದುರು ಹೀಗೆಂದು ಅಂಚೆಯ ಪ್ರೇಮಾನಂದ ಬಣ್ಣದ ಕಾಗದವೊಂದನ್ನು ದೇವುವಿನ ಕೈಗಿಟ್ಟ. ಮದುವೆಯ ಧಾರೆ ಸೀರೆಯ ಜಾಹೀರಾತು. ಸಾಲಿಗೆ ಸಾಲೇ ನಕ್ಕಿತು.

ದೇವು ತೆಂಗಿನಕಾಯಿ ಕೀಳುವವನು. ಮನೆಯಲ್ಲಿ ಒಬ್ಬನೇ. ಅಮ್ಮ ಪ್ರಫುಲ್ಲಾ ಮುಂಬೈಯಲ್ಲಿ ಜ್ವರ ಬಂದು ತೀರಿಕೊಂಡಳೆಂದು ಅಪ್ಪ ಹೇಳಿದಾಗ ಅವನಿನ್ನೂ ಬಾಲವಾಡಿಗೆ ಹೋಗುತ್ತಿದ್ದ. ಹೋದ ವರ್ಷ ಅಪ್ಪನೂ ಹೋದ. ಆಮೇಲೆ ಆ ಅಂಗಳ ತುಳಿಯುವವನು ಅಂಚೆಯವನೊಬ್ಬನೇ, ಅದೂ ಬೇಡದ ಕಾಗದ ಹಿಡಿದುಕೊಂಡು.

ಉಳಿದದ್ದನ್ನೆಲ್ಲ ದೇವು ನಿಲ್ಲಿಸಿದ್ದ. ವಿಮೆಯವರದು, ಚಿನ್ನದಂಗಡಿಯದು, ಗೊಬ್ಬರದವರದು. ಕಾಗದದ ಕೆಳಗಿನ ನಂಬರಿಗೆ ಫೋನ್ ಮಾಡಿ, ನನ್ನ ಹೆಸರು ತೆಗೆಯಿರಿ ಎಂದು ಬೈದರೆ ಸಾಕಾಗುತ್ತಿತ್ತು. ಅಪ್ಪ ಸತ್ತ ಮೇಲೆ ಶುರುವಾದ ಈ ಸೀರೆ ಕಾಗದ ಮಾತ್ರ ನಿಲ್ಲಲಿಲ್ಲ. ಕುಂದಾಪುರದ ಅಂಗಡಿಯವರು ಹೆಸರು ತೆಗೆಯುತ್ತಿದ್ದರು, ತಪ್ಪಾಯಿತು ಎನ್ನುತ್ತಿದ್ದರು. ಮರುತಿಂಗಳು ಮತ್ತೆ ಬರುತ್ತಿತ್ತು. ಯಾರೋ ಹಟ ಹಿಡಿದು ಸೇರಿಸುತ್ತಿದ್ದರು.

ಗೆಳೆಯ ಅಶೋಕನೇ ಇರಬೇಕು. ಮದುವೆಯ ಮಾತೆತ್ತಿ ಕಿಚಾಯಿಸುವವನು ಅವನೇ. ಹೋದ ವಾರ ದೇವು ಅವನ ಕಾಲರ್ ಹಿಡಿದಿದ್ದ. ಅಶೋಕ ಆಣೆ ಇಟ್ಟ, ದೇವು ನಂಬಲಿಲ್ಲ. ಇದ್ದೊಬ್ಬ ಸ್ನೇಹಿತನೂ ಈಗ ಅವನನ್ನು ಕಂಡರೆ ಗದ್ದೆಯ ಅಂಚಿಗೆ ಇಳಿದು ಹೋಗುತ್ತಾನೆ.

ದೇವು ಡೈರಿಯಿಂದ ನೇರ ಕುಂದಾಪುರದ ಬಸ್ಸು ಹತ್ತಿದ. ಹೆಸರು ಕೊಟ್ಟವರು ಸಿಕ್ಕರೆ ಕೆನ್ನೆಗೆ ಎರಡು ಬಿಡುವುದೇ.

ಅಂಗಡಿಯ ಕೌಂಟರಿನಲ್ಲಿ ಅಕ್ಷಿತಾ ಎಂಬ ಹುಡುಗಿ ಇದ್ದಳು. ದೇವು ಕಾಗದವನ್ನು ಅವಳ ಮುಂದೆ ಎಸೆದು ಕೂಗಾಡಿದ. ಗಿರಾಕಿಗಳು ತಿರುಗಿ ನೋಡಿದರು. ಅವಳು ಹೆದರಲಿಲ್ಲ. ಮದುವೆಯ ವಯಸ್ಸಿಗೆ ಬಂದವರು ಇರುವ ಮನೆಗಳ ವಿಳಾಸ ತರಬೇಕೆಂದು ಧಣಿಗಳು ಕೆಲಸದವರಿಗೆಲ್ಲ ಹೇಳಿದ್ದಾರೆ, ಈ ಹೆಸರನ್ನು ತಾನು ಎಷ್ಟು ಸಲ ಅಳಿಸಿದರೂ ಹಿಂದಿನ ಕೋಣೆಯಲ್ಲಿ ಸೀರೆ ಮಡಚುವ ಹೆಂಗಸು ಮತ್ತೆ ಬರೆಸುತ್ತಾರೆ ಎಂದಳು.

"ಕರಿ ಅವ್ರನ್ನ. ದೇವು ಬಂದಿದ್ದ ಅಂದೇಳಿ ಹೇಳ್."

ಹುಡುಗಿ ಅವನ ಮುಖವನ್ನೇ ನೋಡಿದಳು. ದನಿ ಇಳಿಸಿದಳು.

"ಅವ್ರ್ ಎದ್ರಿಗ್ ಬಪ್ಪುದಿಲ್ಲ ಅಣ್ಣ. ನಿಮ್ಮಪ್ಪ ಇಪ್ಪಲ್ಲಿವರಿಗೂ ನಿಮ್ಮಪ್ಪಂದ್ ಹೆದ್ರಿಕಿ ಇವ್ರಿಗೆ, ಈಗ ನಿಮ್ದೇ ಹೆದ್ರಿಕಿ. ಮಗನ್ ಮದಿ ಧಾರಿ ಸೀರಿ ನನ್ ಕೈಯಲ್ಲೇ ಮಡ್ಚಿ ಕೊಡ್ಕ್ ಅಂದೇಳಿ ಹೇಳ್ತ್ರ್ ಪ್ರಫುಲ್ಲಕ್ಕ." ಅವಳು ಕಾಗದವನ್ನು ಎತ್ತಿಕೊಂಡಳು. "ಹೆಸ್ರ್ ತೆಗಿಯೂದಾ ಅಣ್ಣ?"

ದೇವು ಹಿಂದಿನ ಕೋಣೆಯತ್ತ ನಡೆದ.